ಹೊಳೆಯೊಂದು, ಹಕ್ಕುದಾರರು ಹಲವರು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮುಂಬಯಿ ನಗರವು ವಾಣಿಜ್ಯದಿಂದಲೂ ಜನಸಂಖ್ಯೆಯಿಂದಲೂ ದಿನೇ ದಿನೇ ಹಿಗ್ಗುತ್ತಿದ್ದಿತಾದರೂ, ಉಪ್ಪುನೀರು ಸುತ್ತಲೂ ಬಳಸಿದ್ದ ಆ ನೆಲದಲ್ಲಿ ಕುಡಿಯುವ ನೀರಿಗೆ ಬಾವಿಗಳನ್ನೂ ಕೆರೆಗಳನ್ನೂ ಬಿಟ್ಟು ಬೇರೆ ಆಶ್ರಯವಿರಲಿಲ್ಲ. ಮಳೆ ತಪ್ಪಿದ ವರ್ಷಗಳಲ್ಲಿ ಕೆರೆಗಳು ಬತ್ತಿ, ಬಾವಿಗಳ ತಳದಲ್ಲಿ ಕೆಸರು ಮಾತ್ರ ಉಳಿದು, ಅದನ್ನು ಕುಡಿದವರಲ್ಲಿ ವಾಂತಿಭೇದಿಯ ಬೇನೆ ಹಬ್ಬುತ್ತಿದ್ದಿತು. 1854ರ ಬರದಲ್ಲಿ ಪೇಟೆಯ ದನಕರುಗಳನ್ನು ಮಾಹಿಮಿನ ಕಡೆಗೆ ಸಾಗಿಸಬೇಕಾಯಿತು. ದೋಣಿಗಳಲ್ಲಿಯೂ, ಹಿಂದಿನ ವರ್ಷವಷ್ಟೇ ಠಾಣೆಯವರೆಗೆ ಓಡತೊಡಗಿದ್ದ ರೈಲುಬಂಡಿಯಲ್ಲಿಯೂ ನೀರನ್ನು ತಂದು ಬೋರಿಬಂದರಿನ ಸುತ್ತಿನ ಬಾವಿಗಳಿಗೆ ಸುರಿಯಬೇಕಾಯಿತು. ಹತ್ತಿ, ಅಫೀಮುಗಳ ವ್ಯಾಪಾರದಿಂದ ಕೋಟ್ಯಧೀಶರನ್ನು ಹುಟ್ಟಿಸಿದ ಊರಿಗೆ ಒಂದು ಕೊಡ ನೀರನ್ನು ತನ್ನ ನೆಲದಿಂದಲೇ ಪಡೆಯುವ ಸಾಮರ್ಥ್ಯವಿಲ್ಲವೆಂಬುದು ಆ ವರ್ಷ ಎಲ್ಲರಿಗೂ ಮನದಟ್ಟಾಯಿತು. ಗವರ್ನರನಾಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ನನ ಸರಕಾರವು ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರನ ಯೋಜನೆಗೆ ಒಪ್ಪಿಗೆಯಿತ್ತಿತು. ಆ ಯೋಜನೆಯ ಪ್ರಕಾರ ನಗರದ ಬಾಯಾರಿಕೆಯನ್ನು ನೀಗಿಸತಕ್ಕ ಹೊಳೆಯೇ ಇಂದು ಮಿಠಿ ಎಂದು ನಾವು ಕರೆಯುವ ಹೊಳೆ.

ಈ ಹೊಳೆಯ ಮೇಲ್ಕಣಿವೆಯಿರುವುದು, ಇಂಗ್ಲಿಷರು ಸಾಲ್ಸೆಟ್ ಎಂದು ಕರೆದ ಸಾಷ್ಟಿ ದ್ವೀಪದ ನಡುವೆ, ಕಾನ್ಹೇರಿಯ ಗುಹೆಗಳನ್ನು ಹೊತ್ತಿರುವ ಬೆಟ್ಟಸಾಲಿನಲ್ಲಿ. ಕನ್ನಡಿಗರಿಗೆ ಆ ಬೆಟ್ಟಗಳು ಅಪರಿಚಿತವಾದುವಲ್ಲ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ನಮ್ಮ ಅಮೋಘವರ್ಷ ನೃಪತುಂಗನ ಸಾಮಂತರಾಗಿದ್ದರು. ಕಾನ್ಹೇರಿಯ ವಿಹಾರಕ್ಕೆ ದತ್ತಿಗಳನ್ನು ದಾಖಲಿಸುವ ಶಾಸನಗಳಲ್ಲಿ ಆ ಚಕ್ರವರ್ತಿಯ ಹೆಸರು ಇಂದಿಗೂ ಓದಲು ಸಿಗುತ್ತದೆ. ಅಲ್ಲಿ ನೆಲಸಿದ್ದ ಭಿಕ್ಷುಗಳು ಬಂಡೆಯ ಮೈಮೇಲೆ ಬಿದ್ದ ಮಳೆಯನ್ನು ಸಣ್ಣ ಸಣ್ಣ ಕಾಲುವೆಗಳ ಮೂಲಕ ಗುಹೆಗಳ ಪಕ್ಕದಲ್ಲಿ ಕೊರೆದ ತೊಟ್ಟಿಗಳಿಗೆ ಇಳಿಸಿ, ವರ್ಷವಿಡೀ ಅದರಿಂದಲೇ ಬಾಳ್ವೆ ಮಾಡಿದರು. ತೊಟ್ಟಿ ತುಂಬಿ ಮಿಕ್ಕ ನೀರು ಕಣಿವೆಗಿಳಿದು ತೊರೆಗಳನ್ನು ಸೇರುತ್ತಿದ್ದಿತು. ಒಂದು ಸಮುದಾಯವು ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದುದನ್ನು ಕೆಳಗಿನವರಿಗೆ ಶುದ್ಧವಾಗಿಯೇ ಬಿಟ್ಟುಕೊಟ್ಟ ಉದಾಹರಣೆ ಈ ಬೆಟ್ಟಗಳ ನೆತ್ತಿಯ ಮೇಲೆಯೇ ಇದೆಯೆಂಬುದನ್ನು ಮುಂದಿನ ಕಥೆಯನ್ನು ಓದುವಾಗ ನೆನಪಿನಲ್ಲಿಡಬೇಕು.

ಬೆಟ್ಟದಿಂದ ಸಮುದ್ರದವರೆಗೆ ಹೊಳೆಯ ಉದ್ದ ಸುಮಾರು 18 ಕಿಲೋಮೀಟರು. ಮಲೆನಾಡಿನಲ್ಲಾದರೆ ಇಷ್ಟು ಸಣ್ಣ ನೀರಿಗೆ ಹಳ್ಳವೆಂಬ ಹೆಸರೇ ಸಾಕಾಗುತ್ತಿದ್ದಿತು. ಪೊವಾಯಿ, ಸಾಕಿನಾಕಾಗಳ ಇಳಿಜಾರಿನಲ್ಲಿ ತೆಂಕಣಕ್ಕೆ ಹರಿದು, ಕುರ್ಲಾವನ್ನು ದಾಟುವಾಗ ಪಡುವಣಕ್ಕೆ ತಿರುಗಿ, ವಾಕೋಲಾದ ಕಡೆಯಿಂದ ಬರುವ ನಾಲೆಯನ್ನು ಕೂಡಿಕೊಂಡು, ಧಾರಾವಿಗೂ ಬಾಂದ್ರಾಕ್ಕೂ ನಡುವೆ ಅಗಲವಾದ ಅಳಿವೆಯಾಗಿ ಹರಡಿ, ಮಾಹಿಮಿನ ಬಳಿ ಅದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೇಲ್ಭಾಗದಲ್ಲಿ ಹೊಳೆ, ಕೆಳಭಾಗದಲ್ಲಿ ಖಾಡಿ. ಇವೆರಡರ ಸ್ವಭಾವವೂ ಬೇರೆ ಬೇರೆ. ಕೆಳಗಿನ ಕೆಲವು ಕಿಲೋಮೀಟರುಗಳಲ್ಲಿ ದಿನಕ್ಕೆರಡು ಬಾರಿ ಕಡಲು ಒಳಕ್ಕೆ ಏರಿಬರುತ್ತದೆ, ಎರಡು ಬಾರಿ ಹಿಂದೆಗೆಯುತ್ತದೆ. ಸಿಹಿನೀರು ತಂದ ಮಣ್ಣು ಉಪ್ಪುನೀರಿನ ಎದುರಿಗೆ ತಡೆದು ನಿಂತು ಕೆಸರಿನ ಬಯಲಾಗುತ್ತದೆ. ಆ ಕೆಸರಿನಲ್ಲಿ, ನಮ್ಮ ಕರಾವಳಿಯವರು ಕಾಂಡ್ಲಾ ಎಂದೂ ಅಲ್ಲಿಯ ಕೋಲಿ ಬೆಸ್ತರು ತಿವರ ಎಂದೂ ಕರೆಯುವ ಗಿಡಗಳು ಉಸಿರುಬೇರುಗಳನ್ನು ಮೇಲಕ್ಕೆ ಚಾಚಿ ನಿಲ್ಲುತ್ತವೆ. ಆ ಬೇರುಗಳ ನಡುವೆ ಕೋಳಂಬಿ ಸಿಗಡಿ, ಚಿಂಬೋರಿ ಏಡಿ, ಬೋಯಿ ಮೀನುಗಳ ಮರಿಗಳು ಬೆಳೆಯುತ್ತವೆ. ಧಾರಾವಿಯನ್ನು 1909ರ ಗೆಜೆಟಿಯರು ಮುಂಬಯಿಯ ದೊಡ್ಡ ಕೋಲಿವಾಡಗಳಲ್ಲೊಂದೆಂದು ಹೆಸರಿಸುತ್ತದೆ. ಆ ಊರಿನವರ ಹೊಲವೆಂದರೆ ಈ ಖಾಡಿಯೇ ಆಗಿದ್ದಿತು. ನದಿಯ ಮೇಲೆ ಅತ್ಯಂತ ಹಳೆಯ ಹಕ್ಕು ಯಾರದೆಂದು ಕೇಳಿದರೆ ಅವರದೆನ್ನಬೇಕು. ನದಿಯನ್ನು ಹಂಚಿಕೊಂಡ ಯಾವ ಸಭೆಗೂ ಅವರನ್ನು ಕರೆಯಲಿಲ್ಲವೆನ್ನುವುದನ್ನೂ ಜೊತೆಗೇ ಹೇಳಬೇಕು.

ಮೊದಲು ಈ ಹೊಳೆಯನ್ನು ಬೇಡಿದವರು ಸೈನಿಕರು. ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣದ ದಂಡೆ ಇಂಗ್ಲಿಷರದಾಗಿ, ಉತ್ತರದ ಸಾಷ್ಟಿ ಪೋರ್ಚುಗೀಸರದಾಗಿದ್ದು, ಖಾಡಿಯೇ ಗಡಿಯಾಗಿದ್ದಿತು. ಗವರ್ನರ್ ಜಾನ್ ಹಾರ್ನನ ಆಜ್ಞೆಯಂತೆ 1737ರಲ್ಲಿ ಕಟ್ಟಿಸಿದುದೆಂದು ಶಿಲಾಲೇಖವಿರುವ ಕಾಳಾ ಕಿಲ್ಲಾ ಈಗಲೂ ಧಾರಾವಿಯ ಗಿಜಿಗುಡುವ ಮನೆಗಳ ನಡುವೆ ನಿಂತಿದೆ. ಎರಡು ವರ್ಷಗಳಲ್ಲಿಯೇ ಮರಾಠರು ಪೋರ್ಚುಗೀಸರನ್ನು ಸೋಲಿಸಿ ಸಾಷ್ಟಿಯನ್ನು ಆಕ್ರಮಿಸಿದರು. ಅದೇ ಶತಮಾನ ಮುಗಿಯುವ ಮೊದಲು ಆ ದ್ವೀಪವು ಇಂಗ್ಲಿಷರ ಕೈಗೆ ಬಂದಿತು. ಗಡಿಯಾಗಿದ್ದಷ್ಟು ಕಾಲ ನದಿಗೆ ಕೇಡಾಗಲಿಲ್ಲ. ಎರಡೂ ದಂಡೆಗಳು ಒಬ್ಬರದೇ ಆದ ಮೇಲೆ ಅದು ದಾರಿಗೆ ಅಡ್ಡವಾಗಿ ಕಾಣತೊಡಗಿತು. ಗವರ್ನರ್ ಜೊನಾಥನ್ ಡಂಕನ್ನನ ಕಾಲದಲ್ಲಿ ಸಾಯನ್ನಿನ ಬಳಿ ಒಡ್ಡುರಸ್ತೆಯೊಂದನ್ನು ಹಾಕಿದರು. ಮಾಹಿಮಿಗೂ ಬಾಂದ್ರಾಕ್ಕೂ ನಡುವೆ ಜನರು ದೋಣಿಗಳಲ್ಲಿಯೇ ದಾಟುತ್ತಿದ್ದರು. ದೋಣಿಗಳು ಮಗುಚಿ ಪ್ರಾಣಹಾನಿಯಾದುದೂ ಉಂಟು. ಅಲ್ಲಿ ರಸ್ತೆ ಕಟ್ಟಲು ಸರಕಾರದ ಬೊಕ್ಕಸವು ಹಿಂದೆಗೆದಾಗ, ಸರ್ ಜಮ್ಶೇಟ್‌ಜಿ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರು 1,57,000 ರೂಪಾಯಿಗಳನ್ನು ತಮ್ಮ ಕೈಯಿಂದ ಕೊಟ್ಟು, ದಾಟುವವರಿಂದ ಸುಂಕವನ್ನು ವಸೂಲು ಮಾಡಕೂಡದೆಂಬ ನಿಬಂಧನೆಯನ್ನು ಹಾಕಿದರು. 1840ರ ದಶಕದಲ್ಲಿ ಮುಗಿದ ಆ ಸೇತುರಸ್ತೆಯ ಹಿಂದೆ ಇದ್ದುದು ಶುದ್ಧವಾದ ಪರೋಪಕಾರಬುದ್ಧಿ. ಆದರೂ ಕಡಲಿಗೆ ತೆರೆದಿದ್ದ ಅಳಿವೆಯ ಬಾಯಿಯು ಅಂದಿನಿಂದ ಸೇತುವೆಯ ಕಣ್ಣುಗಳಷ್ಟಕ್ಕೇ ಕಿರಿದಾಯಿತು. ಈ ಹೊಳೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಬಂದ ಬೇಡಿಕೆಗಳಲ್ಲಿ ಹೆಚ್ಚಿನವು ತಮ್ಮ ಕಾಲಕ್ಕೆ ನ್ಯಾಯವಾದುವೇ. ಹೊಳೆಯನ್ನು ಬೆಟ್ಟದಿಂದ ಕಡಲವರೆಗೆ ಒಂದೇ ಜೀವವೆಂದು ನೋಡಿದ ಕಣ್ಣು ಮಾತ್ರ ಯಾವ ಬೇಡಿಕೆಯ ಹಿಂದೆಯೂ ಇರಲಿಲ್ಲ.

ಕಾನಿಬೇರನ ಕೆಲಸವು 1856ರಲ್ಲಿ ಪ್ರಾರಂಭವಾಗಿ 1860ರಲ್ಲಿ ಮುಗಿಯಿತು. ವಿಹಾರವೆಂಬ ಹೆಸರಿನ ಕಣಿವೆಗೆ ಮಣ್ಣಿನ ಒಡ್ಡುಗಳನ್ನು ಕಟ್ಟಿ, ಅಲ್ಲಿದ್ದ ಹಳ್ಳಿಗಳ ನೆಲವನ್ನು ಮುಳುಗಿಸಿ ಮಾಡಿದ ಆ ಸರೋವರದಿಂದ ಕಬ್ಬಿಣದ ಕೊಳವೆಗಳ ಮೂಲಕ ನೀರು ನಗರಕ್ಕೆ ಹರಿದುಬಂದಿತು. ಮುಂಬಯಿಯ ಕೊಳಾಯಿ ನೀರಿನ ಮೊದಲ ವ್ಯವಸ್ಥೆ ಇದೇ. ಅದೇ ನಾಲ್ಕು ವರ್ಷಗಳ ನಡುವೆ, 1858ರ ಬೇಸಗೆಯಲ್ಲಿ, ಲಂಡನ್ನಿನ ಥೇಮ್ಸ್ ನದಿಯು ಮಲಿನವಾಗಿ ಪಾರ್ಲಿಮೆಂಟಿನ ಸದಸ್ಯರು ದುರ್ವಾಸನೆಗೆ ಕುಳಿತುಕೊಳ್ಳಲಾರದೆ ಹೋದುದೂ, ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರನಿಗೆ ನಗರದ ಕೊಳಚೆಯನ್ನು ನದಿಯಿಂದ ಬೇರ್ಪಡಿಸಿ ಸಾಗಿಸುವ ಬೃಹತ್ ಒಳಚರಂಡಿಯನ್ನು ಕಟ್ಟುವ ಅಧಿಕಾರ ದೊರೆತುದೂ ಗಮನಿಸತಕ್ಕ ಸಂಗತಿಗಳು. ಸಾಮ್ರಾಜ್ಯದ ರಾಜಧಾನಿಯು ಬಳಸಿದ ನೀರು ಹೊರಗೆ ಹೋಗುವ ದಾರಿಯನ್ನು ಚಿಂತಿಸುತ್ತಿದ್ದ ವರ್ಷಗಳಲ್ಲಿಯೇ ಅದರ ಇನ್ನೊಂದು ನಗರವು ನೀರು ಒಳಗೆ ಬರುವ ದಾರಿಯನ್ನು ಚಿಂತಿಸುತ್ತಿದ್ದಿತು. ಬಂದ ನೀರು ಒಂದು ದಿನ ಹೋಗಲೇಬೇಕೆಂಬ ಪ್ರಶ್ನೆಗೆ ಮುಂಬಯಿ ಅಂದು ಪೂರ್ಣವಾದ ಉತ್ತರ ಕೊಡಲಿಲ್ಲ. ಮಿಠಿಯ ದಂಡೆಯಲ್ಲಿ ನಿಂತು ನೋಡಿದರೆ ಇಂದೂ ಕೊಟ್ಟಿಲ್ಲ.

ವಿಹಾರದ ಒಡ್ಡು ಹೊಳೆಯ ಪ್ರಕೃತಿಯನ್ನೇ ಬದಲಿಸಿತು. ಮಳೆಗಾಲದ ನೀರನ್ನು ಕಾಡು ಹೀರಿಕೊಂಡು ತಿಂಗಳುಗಟ್ಟಲೆ ಹನಿಹನಿಯಾಗಿ ಹೊಳೆಗೆ ಬಿಟ್ಟುಕೊಡುತ್ತಿದ್ದ ಕಾಲ ಮುಗಿದು, ಮೇಲ್ಕಣಿವೆಯ ನೀರೆಲ್ಲ ಸರೋವರದಲ್ಲಿ ನಿಂತಿತು. ಕೆಳಗಿನ ಹೊಳೆಗೆ ದೊರೆಯುವುದು ಸರೋವರವು ತುಂಬಿ ಕೋಡಿ ಹರಿದಾಗಿನ ನೀರು ಮಾತ್ರ. ಊರಿನ ಬಾಯಾರಿಕೆಯಾದರೋ ಅಷ್ಟಕ್ಕೆ ತಣಿಯಲಿಲ್ಲ. 1864ರ ಜನಗಣತಿಯು ಮುಂಬಯಿಯಲ್ಲಿ 8,16,562 ಜನರನ್ನು ಎಣಿಸಿತು. ನೆರೆಯ ಕಣಿವೆಯಲ್ಲಿ ತುಳಸಿ ಸರೋವರವು 1879ರಲ್ಲಿ ಸಿದ್ಧವಾಯಿತು. ಮಿಠಿಯ ಇನ್ನೊಂದು ಕವಲಿಗೆ ಅಡ್ಡಲಾಗಿ 1891ರಲ್ಲಿ ಪೊವಾಯಿ ಕೆರೆಯನ್ನು ಕಟ್ಟಿದರು. ಅದರ ನೀರು ಕುಡಿಯಲು ಯೋಗ್ಯವಲ್ಲವೆಂದು ಬೇಗನೆ ಕಂಡುಬಂದು, ಕೆರೆಯು ಗಾಳ ಹಾಕುವವರ ವಿನೋದಕ್ಕೂ ಮುಂದೆ ಕಾರ್ಖಾನೆಗಳ ಬಳಕೆಗೂ ಉಳಿಯಿತು. 1892ರಲ್ಲಿ ತಾನ್ಸಾದ ನೀರು ಬಂದಿತು. ಸ್ವಾತಂತ್ರ್ಯದ ತರುವಾಯ 1957ರಲ್ಲಿ ವೈತರಣೆಗೆ ಕಟ್ಟಿದ ಮೋದಕಸಾಗರ, 1970ರ ದಶಕದಲ್ಲಿ ಮೇಲಿನ ವೈತರಣಾ, ಆಮೇಲೆ ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಹೀಗೆ ನಗರದ ಕೈಯು ಸಹ್ಯಾದ್ರಿಯ ಬುಡದವರೆಗೆ ಚಾಚಿತು. ಇಂದು ಮುಂಬಯಿಗೆ ದಿನಕ್ಕೆ ಸುಮಾರು 3,850 ದಶಲಕ್ಷ ಲೀಟರ್ ನೀರು ಬರುತ್ತದೆ; ಅದರಲ್ಲಿ ವಿಹಾರದ ಪಾಲು ಅತ್ಯಲ್ಪ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಠಾಣೆ, ನಾಸಿಕ ಜಿಲ್ಲೆಗಳ ದೂರದ ಕಣಿವೆಗಳಿಂದ ಬಂದ ಈ ನೀರು ಅಂಧೇರಿ, ಕುರ್ಲಾ, ಕಲೀನಾಗಳ ಮನೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಬಳಕೆಯಾದ ಬಳಿಕ, ಒಳಚರಂಡಿಯಿಲ್ಲದ ಕಡೆಗಳಿಂದ ನಾಲಾಗಳ ಮೂಲಕ ಎಲ್ಲಿಗೆ ಹೋಗುತ್ತದೆ? ಮಿಠಿಗೆ. ಬೇಸಗೆಯಲ್ಲಿ ಆ ಹೊಳೆಯ ಸೇತುವೆಗಳ ಮೇಲಿಂದ ಬಗ್ಗಿ ನೋಡಿದಾಗ ಕಾಣುವ ಕಪ್ಪು ಪ್ರವಾಹದಲ್ಲಿ ಕಾನ್ಹೇರಿಯ ಬೆಟ್ಟದ ನೀರು ಇಲ್ಲವೆನ್ನುವಷ್ಟು ಕಡಿಮೆ. ಅದು ತಾನ್ಸಾದ ನೀರು, ವೈತರಣೆಯ ನೀರು, ಭಾತ್ಸಾದ ನೀರು. ಮಿಠಿಯ ಸ್ವಂತ ನೀರನ್ನು ನಗರವು ಮೇಲ್ಗಡೆಯೇ ಹಿಡಿದುಕೊಂಡು, ಅನ್ಯ ನದಿಗಳ ನೀರನ್ನು ಮಲಿನಗೊಳಿಸಿ ಅದರ ಒಡಲಿಗೆ ತುಂಬಿದೆ. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಅಲ್ಲಿ ಕಾವೇರಿಯ ನೀರು ಮನೆಮನೆಗಳನ್ನು ಹಾದು, ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯಲ್ಲಿ ಅದೇ ಬಣ್ಣದಿಂದ ಹರಿಯುತ್ತಿದೆ.

ಕೊಳೆಯು ಒಂದೇ ದಿನದಲ್ಲಿ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚರ್ಮ ಹದಮಾಡುವವರು ಧಾರಾವಿಯ ಅಂಚಿಗೆ ಬಂದರು. ನಗರದೊಳಗೆ ಯಾರೂ ಸಹಿಸದ ಉದ್ಯೋಗಕ್ಕೆ ಖಾಡಿಯ ದಂಡೆಯೇ ತಕ್ಕ ಸ್ಥಳವೆಂದು ಅಂದಿನವರು ಭಾವಿಸಿದರು. ಸೌರಾಷ್ಟ್ರದಿಂದ ಬಂದ ಕುಂಬಾರರು ಅಲ್ಲಿಯೇ ನೆಲಸಿದರು. ಕುರ್ಲಾದಲ್ಲಿ ಗಿರಣಿಗಳಾದುವು. 1949ರಲ್ಲಿ, ನಗರದ ಹಟ್ಟಿಗಳ ಎಮ್ಮೆಗಳನ್ನು ಆರೋಗ್ಯಕರವಾದ ಒಂದೆಡೆಗೆ ಸೇರಿಸಬೇಕೆಂಬ ಸದುದ್ದೇಶದಿಂದ, ಹೊಳೆಯ ಮೇಲ್ಕಣಿವೆಯ ಆರೇ ಪ್ರದೇಶದಲ್ಲಿ ಹಾಲಿನ ಕಾಲನಿಯನ್ನು ಸ್ಥಾಪಿಸಿದರು. ಆ ತಬೇಲಾಗಳ ಸಗಣಿ ಗಂಜಲಗಳಿಗೆ ಇಳಿಜಾರು ತೋರಿಸಿದ ದಾರಿಯೂ ಹೊಳೆಯ ಕಡೆಗೇ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಸಾಕಿನಾಕಾ, ಕುರ್ಲಾಗಳ ಸುತ್ತ ಸಣ್ಣ ಕೈಗಾರಿಕೆಗಳೂ ಗುಜರಿ ಅಂಗಡಿಗಳೂ ಹಬ್ಬಿದುವು. ಎಣ್ಣೆಯ ಪೀಪಾಯಿಗಳನ್ನು ತೊಳೆದ ನೀರು, ಬಣ್ಣದ ನೀರು, ಆಮ್ಲದ ನೀರು ಎಲ್ಲವೂ ಹಿತ್ತಲಿನ ಹೊಳೆಗೆ ಬಿದ್ದುವು. ದಂಡೆಯ ಗುಡಿಸಲುಗಳಲ್ಲಿ ನೆಲಸಿದ ಕಾರ್ಮಿಕರನ್ನು ನದಿಯ ಮುಖ್ಯ ಅಪರಾಧಿಗಳೆಂದು ತೋರಿಸುವವರು ಬಹುಮಂದಿ. ಅದನ್ನು ನಾನು ಒಪ್ಪಲಾರೆ. ನಗರವು ಅವರ ದುಡಿಮೆಯನ್ನು ಬೇಡಿ, ಮನೆಯನ್ನೂ ಚರಂಡಿಯನ್ನೂ ಕೊಡದೆ, ಬೇರೆ ಯಾರಿಗೂ ಬೇಡವಾದ ನದಿಯಂಚಿಗೆ ಅವರನ್ನು ನೂಕಿತು. ಅದೇ ಹೊಳೆಗೆ ಗೋಪುರದಂತಹ ಸೌಧಗಳ ಕೊಳಚೆಯೂ ಬಿದ್ದುದು ಸುಳ್ಳಲ್ಲ.

ನಡುದಾರಿಯಲ್ಲಿ ವಿಮಾನ ನಿಲ್ದಾಣವಿದ್ದಿತು. ಎರಡನೆಯ ಮಹಾಯುದ್ಧದ ಕಾಲದ ಸಾಂತಾಕ್ರೂಜ್ ವಾಯುನೆಲೆಯು ದೇಶದ ಪ್ರಮುಖ ನಿಲ್ದಾಣವಾಗಿ ಬೆಳೆದಾಗ ಓಡುದಾರಿಗಳಿಗೆ ಜಾಗ ಸಾಲದೆ, ಹೊಳೆಯನ್ನು ಓಡುದಾರಿಯ ಅಡಿಯಲ್ಲಿ ತೂರಿಸಿ, ನಿಲ್ದಾಣದ ಎಲ್ಲೆಯನ್ನು ಅನುಸರಿಸುವಂತೆ ನೇರ ಕೋನಗಳಲ್ಲಿ ತಿರುಗಿಸಿದರು. ಹರಿಯುವ ನೀರು ಬಾಗಿ ಬಳುಕಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಲ್ಲುದು. ಲಂಬಕೋನದ ಗೋಡೆಗೆ ಡಿಕ್ಕಿ ಹೊಡೆದಾಗ ಅದು ಹಿಂದಕ್ಕೆ ಏರುತ್ತದೆ, ಇಲ್ಲವೆ ಬದಿಗೆ ಉಕ್ಕುತ್ತದೆ.

ಅಳಿವೆಯ ಕಥೆ ಎಲ್ಲಕ್ಕಿಂತ ದೊಡ್ಡದು. 1975ರಲ್ಲಿ ಸ್ಥಾಪಿತವಾದ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು 1977ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ವಿಶೇಷ ಯೋಜನಾ ಪ್ರಾಧಿಕಾರವೆಂದು ನೇಮಿಸಿದರು. ದಕ್ಷಿಣ ಮುಂಬಯಿಯ ಕಚೇರಿಗಳ ಒತ್ತಡವನ್ನು ತಗ್ಗಿಸಿ ನಗರವನ್ನು ಉತ್ತರಕ್ಕೆ ಸೆಳೆಯುವುದು ಅದರ ಗುರಿ. ಯೋಜಕರ ದೃಷ್ಟಿಯಲ್ಲಿ ಅದು ಸಮಂಜಸವೇ ಆಗಿದ್ದಿತು. ಅದಕ್ಕೆ ದೊರೆತ ನೆಲ ಮಾತ್ರ ಮಿಠಿ, ವಾಕೋಲಾ ನಾಲೆ, ಮಾಹಿಮ್ ಖಾಡಿಗಳ ಎರಡೂ ಪಕ್ಕಗಳ ತಗ್ಗುಭೂಮಿ, ಸುಮಾರು 370 ಹೆಕ್ಟೇರುಗಳಷ್ಟು. ಭರತದ ನೀರು ಹರಡಿ ನಿಲ್ಲುತ್ತಿದ್ದ ಆ ಕೆಸರುಬಯಲನ್ನು ಮಣ್ಣು ತುಂಬಿ ಎತ್ತರಿಸಿದರು. ಕಾಂಡ್ಲಾ ಪೊದೆಗಳು ಅಡಿಯಾದುವು. ಬ್ಯಾಂಕುಗಳೂ ವಜ್ರದ ವ್ಯಾಪಾರದ ಭವನಗಳೂ ಎದ್ದುವು. ಉಪಯೋಗವಿಲ್ಲದ ಜೌಗು ಎಂದು ದಾಖಲೆಗಳು ಕರೆದ ಭೂಮಿಯು ವಾಸ್ತವದಲ್ಲಿ ನಗರದ ಉತ್ತರಭಾಗದ ಮಳೆನೀರಿಗೆಲ್ಲ ತಂಗುದಾಣವಾಗಿದ್ದಿತು. ಸಮುದ್ರವು ಏರಿದ್ದಾಗ ಹೊಳೆಯು ಅಲ್ಲಿ ಹರಡಿ ಕಾಯುತ್ತಿದ್ದಿತು, ಇಳಿದಾಗ ಹೊರಟುಹೋಗುತ್ತಿದ್ದಿತು. ಕಾಯುವ ಜಾಗವನ್ನು ಕಳೆದುಕೊಂಡ ಹೊಳೆ ಎಲ್ಲಿ ಕಾಯಬೇಕು?

ಉತ್ತರವು 2005ರ ಜುಲೈ 26ರ ಮಂಗಳವಾರ ದೊರೆಯಿತು. ಆ ಮಧ್ಯಾಹ್ನ ಎರಡು ಗಂಟೆಯ ಮೇಲೆ ಉಪನಗರಗಳ ಮೇಲೆ ಮೋಡವು ಕವಿದುಕೊಂಡು ಎಡೆಬಿಡದೆ ಸುರಿಯತೊಡಗಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನಮ್ಮ ಬಯಲುಸೀಮೆಯ ಹಲವು ತಾಲ್ಲೂಕುಗಳು ಒಂದು ವರ್ಷವೆಲ್ಲ ಕಾದರೂ ಇಷ್ಟು ಮಳೆಯನ್ನು ಕಾಣಲಾರವು. ಅದೇ ನಗರದ ತೆಂಕಣ ತುದಿಯ ಕೊಲಾಬಾದಲ್ಲಿ ಅದೇ ಅವಧಿಯಲ್ಲಿ ಬಿದ್ದುದು 73 ಮಿಲಿಮೀಟರ್ ಮಾತ್ರ. ಆಡಳಿತದ ಕೇಂದ್ರಗಳಿದ್ದ ದಕ್ಷಿಣ ಭಾಗದಲ್ಲಿ ಕುಳಿತವರಿಗೆ ಉತ್ತರದಲ್ಲಿ ಏನಾಗುತ್ತಿದೆಯೆಂಬ ಅರಿವು ಬಹುಹೊತ್ತು ಬರಲಿಲ್ಲ. ನಗರದ ಹಳೆಯ ಮಳೆಚರಂಡಿಗಳ ಶಕ್ತಿಯೆಂದರೆ, ಸಮುದ್ರವು ಇಳಿದಿರುವಾಗ, ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಹೊರಹಾಕುವಷ್ಟು. ಅದನ್ನು ಇಮ್ಮಡಿಗೊಳಿಸಬೇಕೆಂದು ಸೂಚಿಸಿದ ಬ್ರಿಮ್‌ಸ್ಟೊವ್ಯಾಡ್ ಎಂಬ ವರದಿಯು 1993ರಲ್ಲಿಯೇ ಸಿದ್ಧವಾಗಿ, ಹನ್ನೆರಡು ವರ್ಷಗಳಾದರೂ ಹೆಚ್ಚಿನ ಅಂಶ ಕಾಗದದ ಮೇಲೆಯೇ ಇದ್ದಿತು. ಆ ದಿನವಾದರೋ ನಾಲ್ಕು ಗಂಟೆಯ ಹೊತ್ತಿಗೆ ಸಮುದ್ರದಲ್ಲಿ 4.48 ಮೀಟರುಗಳ ಭರತ. ಮೇಲಿನಿಂದ ವಿಹಾರವೂ ಪೊವಾಯಿಯೂ ಕೋಡಿ ಹರಿದುವು. ಕೆಳಗಿನಿಂದ ಕಡಲು ಬಾಗಿಲು ಮುಚ್ಚಿತು. ನಡುವೆ ನಿಲ್ದಾಣದ ಗೋಡೆಗಳೂ ತುಂಬಿದ ಬಯಲೂ ಕಸದಿಂದ ಕಟ್ಟಿಕೊಂಡ ಸೇತುವೆಗಳೂ ಇದ್ದುವು. ಹೊಳೆಯು ತನ್ನ ಹಳೆಯ ಬಯಲನ್ನು ಹುಡುಕಿಕೊಂಡು ಹೊರಟಿತು. ಆ ಬಯಲಿನಲ್ಲಿ ಅಷ್ಟರಲ್ಲಿ ಕುರ್ಲಾ ಇದ್ದಿತು, ಕಲೀನಾ ಇದ್ದಿತು, ಬೈಲ್ ಬಜಾರ್ ಇದ್ದಿತು.

ಕಲೀನಾದಲ್ಲಿ ಕೆಳ ಅಂತಸ್ತುಗಳು ಮುಳುಗಿದುವು. ಮೋಟಾರುಗಾಡಿಗಳ ಗಾಜು ಏರಿಸಿ ಕುಳಿತವರು ಒಳಗೇ ಉಸಿರುಕಟ್ಟಿ ಸತ್ತರು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಎಪ್ಪತ್ತಕ್ಕೂ ಹೆಚ್ಚು ಮಂದಿ ಮಣ್ಣಿನಡಿ ಸಿಕ್ಕಿದರು. ಲೋಕಲ್ ರೈಲುಗಳು ನಿಂತುಹೋಗಿ ಲಕ್ಷಾಂತರ ಜನ ಕಚೇರಿಗಳಲ್ಲಿ, ಬಸ್ಸುಗಳಲ್ಲಿ, ಸೇತುವೆಗಳ ಮೇಲೆ ರಾತ್ರಿ ಕಳೆದರು. ಎದೆಮಟ್ಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಮನೆಯ ಕಡೆಗೆ ನಡೆದರು. ತಬೇಲಾಗಳಲ್ಲಿ ಕಟ್ಟಿದ್ದ ಎಮ್ಮೆಗಳು ಹಗ್ಗದಲ್ಲಿಯೇ ಮುಳುಗಿ ಸತ್ತುವು. ನಗರದಲ್ಲಿಯೇ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನೀರಿಳಿದ ಮೇಲೆ ಇಲಿಜ್ವರವು ಇನ್ನಷ್ಟು ಮಂದಿಯನ್ನು ಕೊಂಡೊಯ್ದಿತು. ಕುರ್ಲಾದಲ್ಲಿ ಬಂಟರ ಭವನವಿದೆ, ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಸುತ್ತಲಿನ ಚಾಳುಗಳಲ್ಲಿಯೂ ಕಟ್ಟಡಗಳಲ್ಲಿಯೂ ದಕ್ಷಿಣ ಕನ್ನಡ, ಉಡುಪಿಗಳಿಂದ ಹೋಗಿ ನೆಲಸಿದ ಕುಟುಂಬಗಳಿವೆ; ಈ ಪ್ರವಾಹವನ್ನು ನಮ್ಮವರು ಪತ್ರಿಕೆಯಲ್ಲಿ ಓದಿದುದಲ್ಲ, ಅನುಭವಿಸಿದುದು. ಅಂತಹ ಮಳೆ ಯಾವ ನಗರದ ಮೇಲೆ ಬಿದ್ದಿದ್ದರೂ ಹಾನಿಯಾಗುತ್ತಿದ್ದಿತೆಂಬುದನ್ನು ಒಪ್ಪಬೇಕು. ಆದರೆ ಮಳೆಯ ನೀರು ಎಷ್ಟು ಹೊತ್ತು ನಿಂತಿತು, ಎಲ್ಲಿ ನಿಂತಿತು, ಯಾರ ಮನೆಯಲ್ಲಿ ನಿಂತಿತು ಎಂಬುದನ್ನು ತೀರ್ಮಾನಿಸಿದುದು ಆಕಾಶವಲ್ಲ, ನೂರೈವತ್ತು ವರ್ಷಗಳ ಮನುಷ್ಯಕಾರ್ಯ.

ಅಲ್ಲಿಯವರೆಗೆ ಮಿಠಿಯೆಂದರೆ ನಾಲಾ ಎಂದುಕೊಂಡಿದ್ದ ಮುಂಬಯಿಯ ಬಹುಮಂದಿಗೆ ಅದೊಂದು ನದಿಯೆಂದು ತಿಳಿದುದು ಆ ವಾರದಲ್ಲಿ. 2005ರ ಆಗಸ್ಟಿನಲ್ಲಿ ಮಿಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣ ಪ್ರಾಧಿಕಾರವು ಹುಟ್ಟಿತು. ಜಲತಜ್ಞ ಮಾಧವ ಚಿತಳೆಯವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿಯು 2006ರಲ್ಲಿ ವಿಸ್ತಾರವಾದ ವರದಿಯನ್ನು ಕೊಟ್ಟಿತು. ಅದಕ್ಕೂ ಮೊದಲೇ, 2005ರ ಅಕ್ಟೋಬರಿನಲ್ಲಿ, ಅಂದರೆ ಪ್ರವಾಹವಾದ ಸುಮಾರು ಎರಡೂವರೆ ತಿಂಗಳಿಗೆ, ಮುಂಬಯಿ ಉಚ್ಚ ನ್ಯಾಯಾಲಯವು ರಾಜ್ಯದಲ್ಲೆಲ್ಲ ಕಾಂಡ್ಲಾ ಕಡಿಯುವುದನ್ನು ನಿಷೇಧಿಸಿತು. ಈ ಹೊಳೆಗೆ ಸಂಬಂಧಪಟ್ಟ ಅಧಿಕೃತ ನಿರ್ಣಯಗಳಲ್ಲಿ ಅದಕ್ಕೆ ಹಿತವನ್ನು ತಂದುದೆಂದು ನಿಸ್ಸಂಕೋಚವಾಗಿ ಹೇಳಬಹುದಾದುದು ಇದೊಂದೇ ಎಂದು ನನ್ನ ಅಭಿಪ್ರಾಯ. ಕೆಲಸಕ್ಕಾಗಿ ಹೊಳೆಯನ್ನು ಮತ್ತೆ ಎರಡಾಗಿ ಹಂಚಿದರು: ಮೇಲಿನ ಸುಮಾರು 12 ಕಿಲೋಮೀಟರು ಮಹಾನಗರಪಾಲಿಕೆಗೆ, ಕೆಳಗಿನ 6 ಕಿಲೋಮೀಟರು ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ. ಪಾತ್ರವನ್ನು ಅಗಲಿಸಿದರು, ಆಳಮಾಡಿದರು, ದಂಡೆಯ ಸಾವಿರಾರು ಗುಡಿಸಲುಗಳನ್ನು ತೆರವುಗೊಳಿಸಿ ಅವುಗಳ ನಿವಾಸಿಗಳನ್ನು ದೂರದ ವಸತಿಗಳಿಗೆ ಕಳುಹಿಸಿದರು, ಎರಡೂ ಬದಿಗಳಲ್ಲಿ ಕಾಂಕ್ರೀಟಿನ ಗೋಡೆಗಳನ್ನು ಎಬ್ಬಿಸಿದರು. ಹರಿವು ಮೊದಲಿಗಿಂತ ಸುಗಮವಾದುದು ನಿಜ. ಗೋಡೆ ಎದ್ದ ಹೊಳೆಗೆ ಮಾತ್ರ ದಂಡೆಯೆಂಬುದೇ ಇರುವುದಿಲ್ಲ. ಜೊಂಡು ಬೆಳೆಯಲು, ಏಡಿ ಬಿಲ ತೋಡಲು, ಕೊಕ್ಕರೆ ಇಳಿಯಲು ಅಲ್ಲಿ ಎಡೆಯಿಲ್ಲ. ನೆಲದೊಳಗಿನ ನೀರಿಗೂ ಹೊಳೆಯ ನೀರಿಗೂ ಸಂಬಂಧ ಕಡಿದುಹೋಗುತ್ತದೆ.

ಹೂಳೆತ್ತುವ ಕೆಲಸವು ವರ್ಷವರ್ಷದ ವ್ರತವಾಯಿತು. ಆ ಗುತ್ತಿಗೆಗಳಲ್ಲಿ ಎತ್ತದ ಹೂಳಿಗೂ ಹಣ ಸಂದಿದೆಯೆಂದು, ಸುಮಾರು 65 ಕೋಟಿ ರೂಪಾಯಿಗಳ ನಷ್ಟದ ಆರೋಪದ ಮೇಲೆ, ಮುಂಬಯಿ ಪೋಲೀಸಿನ ಆರ್ಥಿಕ ಅಪರಾಧ ವಿಭಾಗವು 2025ರಲ್ಲಿ ಮೊಕದ್ದಮೆಯನ್ನು ದಾಖಲಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ 2018ರ ಪಟ್ಟಿಯಲ್ಲಿ ಮಿಠಿಯು ದೇಶದ ಅತ್ಯಂತ ಮಲಿನ ನದೀಭಾಗಗಳ ಮೊದಲ ವರ್ಗಕ್ಕೆ ಸೇರಿದುದು. ನೀರಿನಲ್ಲಿರುವ ಪ್ರಾಣವಾಯುವನ್ನು ಕೊಳೆತ ದ್ರವ್ಯವೇ ತಿಂದುಹಾಕುವುದರಿಂದ ಅಲ್ಲಿ ಮೀನು ಬದುಕಲಾರದು. ಧಾರಾವಿ, ಮಾಹಿಮುಗಳ ಕೋಲಿಗಳಿಗೆ ಖಾಡಿಯಿಂದ ಸಿಗುತ್ತಿದ್ದ ಅನ್ನ ನಿಂತುಹೋಯಿತು; ಮಾಹಿಮಿನವರು ಬಲೆಗಳನ್ನು ಹೇರಿಕೊಂಡು ದೂರದ ಕಡಲಿಗೆ ಹೋಗುತ್ತಾರೆ, ಧಾರಾವಿಯ ಹಲವರು ಬೇರೆ ಕಸುಬುಗಳನ್ನು ಹಿಡಿದಿದ್ದಾರೆ.

ಇಷ್ಟೆಲ್ಲದರ ನಡುವೆ, ನಗರದ ಕಸವನ್ನು ಸುರಿಯುತ್ತಿದ್ದ ದಿಬ್ಬವೊಂದರ ಮೇಲೆ, ಹೊಳೆಯ ದಂಡೆಯಲ್ಲಿಯೇ, ಸುಮಾರು 37 ಎಕರೆಗಳ ಮಹಾರಾಷ್ಟ್ರ ನಿಸರ್ಗ ಉದ್ಯಾನವು 1994ರಲ್ಲಿ ತೆರೆಯಿತು. ಅಲ್ಲಿ ಇಂದು ಕಾಡು ಬೆಳೆದು ಹಕ್ಕಿಗಳೂ ಚಿಟ್ಟೆಗಳೂ ನೆಲಸಿವೆ. ಸತ್ತ ನೆಲವೂ ಚಿಗುರಬಲ್ಲುದೆಂಬುದಕ್ಕೆ ಧಾರಾವಿಯ ಬಾಗಿಲಲ್ಲಿಯೇ ಸಾಕ್ಷಿಯಿದೆ. 1957ರಲ್ಲಿ ಜೀವವಿಜ್ಞಾನಿಗಳು ಸತ್ತಿದೆಯೆಂದು ಸಾರಿದ ಥೇಮ್ಸ್ ನದಿಗೆ ಮೀನುಗಳು ಹಿಂತಿರುಗಿದುದು ಕೊಳಚೆಯನ್ನು ಶುದ್ಧೀಕರಿಸುವ ವ್ಯವಸ್ಥೆ ಸುಧಾರಿಸಿದ ಮೇಲೆ.

ಹೊಸ ಬೇಡಿಕೆಗಳಿನ್ನೂ ಬರುತ್ತಿವೆ. 2019ರ ಅಕ್ಟೋಬರಿನಲ್ಲಿ ಆರೇಯಲ್ಲಿ ಮೆಟ್ರೋ ಗಾಡಿಗಳ ತಂಗುದಾಣಕ್ಕಾಗಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದಾಗ, ಆ 33 ಹೆಕ್ಟೇರುಗಳು ಮಿಠಿಯ ಜಲಾನಯನದೊಳಗಿನ ನೆಲವೆಂದು ಬೊಬ್ಬಿಟ್ಟ ಯುವಕರನ್ನು ಪೋಲೀಸರು ಹಿಡಿದೊಯ್ದರು. ನಿತ್ಯ ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡಿ ಹೋಗುವ ಜನಕ್ಕೆ ಮೆಟ್ರೋ ಬೇಕೆಂಬುದು 1854ರ ಬಾಯಾರಿಕೆಯಷ್ಟೇ ನಿಜವಾದ ಬೇಡಿಕೆ. ಆ ತಂಗುದಾಣಕ್ಕೆ ಬೇರೆ ಜಾಗವನ್ನು ಹುಡುಕಬಹುದಾಗಿದ್ದಿತೆಂಬುದೂ ನಿಜ. ಹೊಳೆಯ ಮೇಲ್ಕಣಿವೆಗೆ ಬೇರೆ ಜಾಗವಿಲ್ಲ. ಈ ವ್ಯತ್ಯಾಸವನ್ನು ಗುರುತಿಸಿ ತೀರ್ಪು ಹೇಳುವ ಅಧಿಕಾರವುಳ್ಳ ಸಂಸ್ಥೆ ಇಂದಿಗೂ ಇಲ್ಲ. ವಿಹಾರದ ಕೋಡಿ ಒಬ್ಬರದು, ಆರೇಯ ನೆಲ ಇನ್ನೊಬ್ಬರದು, ಓಡುದಾರಿ ಮತ್ತೊಬ್ಬರದು, ಅಳಿವೆ ಬೇರೊಬ್ಬರದು.

ಮುಂಬಯಿಯಲ್ಲಿ ಬಾಳುತ್ತಿರುವ ಕನ್ನಡ ಬಂಧುಗಳಲ್ಲಿ ಒಂದು ವಿಜ್ಞಾಪನೆಯಿದೆ. ಊರಿನ ಸಂಘಗಳ ವಾರ್ಷಿಕೋತ್ಸವಕ್ಕೆ ನಗರಸೇವಕರನ್ನೂ ಶಾಸಕರನ್ನೂ ಆಹ್ವಾನಿಸಿ ಶಾಲು ಹೊದಿಸುವ ಸಂಪ್ರದಾಯ ನಮ್ಮಲ್ಲಿದೆ. ಮುಂದಿನ ಬಾರಿ ಅವರು ಬಂದಾಗ, ಅಂಧೇರಿಯವರಾಗಲಿ ಕುರ್ಲಾದವರಾಗಲಿ ಸಾಂತಾಕ್ರೂಜಿನವರಾಗಲಿ, ತಮ್ಮ ಬೀದಿಯ ಕೊಳಚೆ ಶುದ್ಧೀಕರಣದ ಸ್ಥಾವರಕ್ಕೆ ಹೋಗುತ್ತದೆಯೋ ಮಿಠಿಗೆ ಹೋಗುತ್ತದೆಯೋ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.